ಕಂಪನಿ ಟ್ರಿಗರ್ ಸಾಕಾ, ಬೇರೆ ಹಾಕಿಸಬೇಕಾ? ಪುಣೆ–ಮುಂಬೈ ರೈಫಲ್ ಶೂಟರ್‌ಗಳಿಗೊಂದು ಹೋಲಿಕೆ

ಮಗನೋ ಮಗಳೋ ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿಗೆ ಹೋಗಲು ಶುರು ಮಾಡಿ ಒಂದಷ್ಟು ತಿಂಗಳಾದ ಮೇಲೆ ಸ್ಕೋರು ನಿಂತಲ್ಲೇ ನಿಲ್ಲುತ್ತದೆ. ಆಗ ಯೂಟ್ಯೂಬ್ ನೋಡುತ್ತಾರೆ. ಅಲ್ಲಿ ಅಮೆರಿಕದವರೊಬ್ಬರು ‘ಮೊದಲು ಟ್ರಿಗರ್ ಬದಲಿಸಿ’ ಎನ್ನುತ್ತಾರೆ. ವಾಕಡ್, ಹಿಂಜವಡಿ ಕಡೆಯ ನಮ್ಮ ಕನ್ನಡದವರ ಮನೆಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ: ರೈಫಲ್ ಜೊತೆ ಬಂದ ಟ್ರಿಗರನ್ನೇ ಇಟ್ಟುಕೊಳ್ಳೋಣವೇ, ಅಪ್‌ಗ್ರೇಡ್ ಮಾಡಿಸೋಣವೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಟ್ರಿಗರ್ ಒಂದನ್ನೇ ಬದಲಿಸುವುದು ಹೆಚ್ಚಿನವರಿಗೆ ದಂಡದ ಖರ್ಚು. ಇರುವುದನ್ನು ಸರಿಯಾಗಿ ಸೆಟ್ ಮಾಡಿಕೊಳ್ಳಿ. ಅದು ಸಾಲದಿದ್ದರೆ ದುಡ್ಡು ಕೂಡಿಟ್ಟು ಒಳ್ಳೆಯ ಟ್ರಿಗರ್ ಜೊತೆಗೇ ಬರುವ ಮ್ಯಾಚ್ ರೈಫಲ್, ಅಂದರೆ ಪಂದ್ಯಕ್ಕೆಂದೇ ಮಾಡಿದ ರೈಫಲ್ ಕೊಳ್ಳಿ. ಇವೆರಡರ ನಡುವಿನ ದಾರಿ ಕೆಲವರಿಗೆ ಮಾತ್ರ ಸರಿ. ಅವರು ಯಾರು ಅನ್ನೋದು ಮುಂದೆ ಬರುತ್ತದೆ.

ಟ್ರಿಗರ್ ಚೆನ್ನಾಗಿದೆ ಎಂದರೆ ಏನು?

ಅಂಗಡಿಯಲ್ಲಿ ಎಲ್ಲರೂ ತೂಕದ ಬಗ್ಗೆಯೇ ಮಾತಾಡುತ್ತಾರೆ. ಎಷ್ಟು ಗ್ರಾಂ ಎಳೆದರೆ ಬಿಡುತ್ತದೆ ಅನ್ನೋದು ಒಂದು ಲೆಕ್ಕ, ನಿಜ. ಆದರೆ ತೂಕ ಜಾಸ್ತಿಯಿದ್ದೂ ಒಳ್ಳೆಯ ಟ್ರಿಗರ್ ಇರುತ್ತದೆ, ತೂಕ ಕಡಿಮೆಯಿದ್ದೂ ಕೆಟ್ಟದ್ದು ಇರುತ್ತದೆ.

ಗಮನಿಸಬೇಕಾದ್ದು ಬೆರಳಿಗೆ ಏನು ಗೊತ್ತಾಗುತ್ತದೆ ಅನ್ನೋದನ್ನು. ಎರಡು ಹಂತದ ಟ್ರಿಗರ್‌ನಲ್ಲಿ ಮೊದಲ ಹಂತ ಹಗುರವಾಗಿ ಹಿಂದೆ ಬರುತ್ತದೆ. ಆಮೇಲೆ ಒಂದು ಗೋಡೆ ಸಿಕ್ಕಂತಾಗುತ್ತದೆ. ಬೈಕಿನ ಕ್ಲಚ್ ಬಿಡುವಾಗ ಗಾಡಿ ಹಿಡಿಯುವ ಜಾಗ ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ಅಲ್ಲಿಂದ ಇನ್ನು ಸ್ವಲ್ಪ ಒತ್ತಿದರೆ ಬಿಡಬೇಕು. ಗೋಡೆ ಸಿಕ್ಕ ಮೇಲೂ ಟ್ರಿಗರ್ ಕೆರೆದುಕೊಂಡು, ಜಗ್ಗಿಕೊಂಡು ಹಿಂದೆ ಬರುತ್ತಿದ್ದರೆ ಅದಕ್ಕೆ ಕ್ರೀಪ್ ಅನ್ನುತ್ತಾರೆ. ಗುಂಡು ಹೋದ ಮೇಲೂ ಟ್ರಿಗರ್ ಸರ್ರನೆ ಹಿಂದೆ ಜಾರಿದರೆ ಅದು ಓವರ್‌ಟ್ರಾವೆಲ್. ಒಳಗೆ ಸಿಯರ್ ಎಂಬ ಸಣ್ಣ ಉಕ್ಕಿನ ಕೊಕ್ಕೆ ಇದೆ. ಸ್ಪ್ರಿಂಗ್‌ನ ಬಲವನ್ನೆಲ್ಲ ತಡೆದು ಹಿಡಿಯುವುದು ಅದೇ. ಅದರ ಅಂಚು ಎಷ್ಟು ನಯವಾಗಿದೆ, ಎಷ್ಟು ಆಳಕ್ಕೆ ಸಿಕ್ಕಿಕೊಂಡಿದೆ ಅನ್ನೋದರ ಮೇಲೆ ಕ್ರೀಪ್ ಎಷ್ಟು ಅನ್ನೋದು ನಿಂತಿದೆ.

ನನ್ನ ಮಟ್ಟಿಗೆ ಕ್ರೀಪ್ ಇಲ್ಲದ 800 ಗ್ರಾಂ ಟ್ರಿಗರ್, ಕ್ರೀಪ್ ಇರುವ 300 ಗ್ರಾಂ ಟ್ರಿಗರ್‌ಗಿಂತ ವಾಸಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿಟ್ಟರೆ ಬೆರಳು ಕಲಿಯುತ್ತದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಿಟ್ಟರೆ ಕಲಿಯಲು ಏನೂ ಇರುವುದಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅಂದರೆ ಒಂದು ಲೆಕ್ಕ ನೋಡಿ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್. ದಶಾಂಶದ ಸ್ಕೋರಿಂಗ್‌ನಲ್ಲಿ ನಟ್ಟನಡುವಿನ ಹೊಡೆತಕ್ಕೆ 10.9, ಅಲ್ಲಿಂದ ಆಚೆ ಪ್ರತಿ 0.25 ಮಿಲಿಮೀಟರಿಗೆ 0.1 ಪಾಯಿಂಟ್ ಕಡಿಮೆಯಾಗುತ್ತದೆ. ಒಂದು ಮೀಟರ್ ಉದ್ದದ ರೈಫಲ್‌ನ ಮೂತಿ ಟ್ರಿಗರ್ ಎಳೆಯುವಾಗ 0.1 ಮಿಲಿಮೀಟರ್ ಅಲುಗಿತು ಅಂದುಕೊಳ್ಳಿ. ಕಣ್ಣಿಗೆ ಕಾಣದಷ್ಟು. 10 ಮೀಟರ್ ಆಚೆ ಅದು ಒಂದು ಮಿಲಿಮೀಟರ್ ಆಗುತ್ತದೆ. ಅಂದರೆ 10.9 ಆಗಬೇಕಾದ ಹೊಡೆತ 10.5 ಆಯಿತು. ಪಂದ್ಯದಲ್ಲಿ 60 ಹೊಡೆತ ಇರುತ್ತವೆ. ಸುಮ್ನೆ ಗುಣಿಸಿ ನೋಡಿ.

ಹಾಗಾಗಿ ಟ್ರಿಗರ್ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಯಾವ ರೈಫಲ್‌ಗೆ, ಯಾವಾಗ ಅನ್ನೋದೇ ಪ್ರಶ್ನೆ.

ಸ್ಪ್ರಿಂಗ್ ಏರ್ ರೈಫಲ್ ಇದ್ದರೆ

ಮೊದಲ ರೈಫಲ್ ಹೆಚ್ಚಾಗಿ ಇದೇ ಆಗಿರುತ್ತದೆ. ನಳಿಗೆ ಬಗ್ಗಿಸಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗ್ ಒತ್ತಿ ಹೊಡೆತಕ್ಕೆ ಸಿದ್ಧ ಮಾಡುವ, ಮೂರು ಕಿಲೋ ಆಸುಪಾಸಿನ ಏರ್‌ಗನ್. ಪ್ರಿಸಿಹೋಲ್, ಎಸ್‌ಡಿಬಿಯಂಥ ನಮ್ಮ ದೇಶದ ಕಂಪನಿಗಳದ್ದು ಇರಬಹುದು, ಡಯಾನಾ ಅಥವಾ ವೈರಾಖ್‌ನಂಥ ಜರ್ಮನ್ ಕಂಪನಿಯದ್ದು ಇರಬಹುದು. 4.5 ಮಿಲಿಮೀಟರ್ ಕ್ಯಾಲಿಬರ್ (ನಳಿಗೆಯ ಒಳ ಅಗಲ), 20 ಜೌಲ್‌ಗಿಂತ ಕಡಿಮೆ ಶಕ್ತಿಯದ್ದಾದರೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ಕೊಟ್ಟು ಡೀಲರ್ ಹತ್ತಿರ ಕೊಳ್ಳಬಹುದು.

ಅಗ್ಗದ ಸ್ಪ್ರಿಂಗ್ ರೈಫಲ್‌ಗಳ ಟ್ರಿಗರ್ ಒಂದೂವರೆ ಕಿಲೋದಿಂದ ಎರಡೂವರೆ ಕಿಲೋವರೆಗೂ ಇರುತ್ತದೆ. ಮೂರು ಕಿಲೋ ರೈಫಲ್‌ನಲ್ಲಿ ಎರಡು ಕಿಲೋ ಎಳೆದರೆ ರೈಫಲ್ ಅಲುಗದೆ ಇನ್ನೇನಾಗುತ್ತದೆ? ಇಲ್ಲಿ ಅಪ್‌ಗ್ರೇಡ್ ಮಾಡಬೇಕು ಅನ್ನಿಸುವುದು ಸಹಜ. ಆದರೆ ಮೂರು ವಿಷಯ ಯೋಚಿಸಿ.

ಮೊದಲನೆಯದು, ಕಂಪನಿ ಟ್ರಿಗರ್‌ನಲ್ಲೇ ಸ್ಕ್ರೂ ಇದೆಯೇ ನೋಡಿ. ವೈರಾಖ್‌ನ ರೆಕಾರ್ಡ್ ಟ್ರಿಗರ್ ದಶಕಗಳಿಂದ ಹೆಸರು ಮಾಡಿರುವುದು ಸುಮ್ಮನೆ ಅಲ್ಲ. ಅದು ಕಂಪನಿಯಿಂದಲೇ ಎರಡು ಹಂತದ್ದಾಗಿ ಬರುತ್ತದೆ, ಸ್ಕ್ರೂ ತಿರುಗಿಸಿ ಹಗುರ ಮಾಡಿಕೊಳ್ಳಬಹುದು. ಇಂಥದ್ದು ಇದ್ದವರು ಬೇರೆ ಟ್ರಿಗರ್ ಹುಡುಕುವುದು ದುಡ್ಡು ಹಾಳು. ಡಯಾನಾದಲ್ಲಿ ಹಳೆಯ ಟಿ05 ಟ್ರಿಗರ್‌ನ ಬ್ಲೇಡ್, ಅಂದರೆ ಬೆರಳಿಡುವ ಭಾಗ, ಪ್ಲಾಸ್ಟಿಕ್‌ದು, ಅದರ ನಂತರ ಬಂದ ಟಿ06 ಲೋಹದ್ದು. ಟಿ06 ಇರುವ ರೈಫಲ್‌ಗೂ ಸ್ಕ್ರೂ ಸೆಟ್ಟಿಂಗ್ ಸಾಕು.

ಎರಡನೆಯದು, ಸ್ಪ್ರಿಂಗ್ ರೈಫಲ್‌ನ ದೊಡ್ಡ ತೊಂದರೆ ಟ್ರಿಗರ್ ಅಲ್ಲವೇ ಅಲ್ಲ. ಟ್ರಿಗರ್ ಬಿಟ್ಟ ಮೇಲೆ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ಪೆಲೆಟ್ (ಏರ್‌ಗನ್‌ನ ಸಣ್ಣ ಗುಂಡು) ಇನ್ನೂ ನಳಿಗೆಯಲ್ಲೇ ಇರುವಾಗ ರೈಫಲ್ ಹಿಂದೆ ಮುಂದೆ ಅಲುಗುತ್ತದೆ. ಪ್ರತಿ ಸಲವೂ ಒಂದೇ ರೀತಿ ಹಿಡಿದರೆ ಮಾತ್ರ ಪೆಲೆಟ್ ಒಂದೇ ಕಡೆ ಹೋಗುತ್ತದೆ. ಎಷ್ಟು ಒಳ್ಳೆಯ ಟ್ರಿಗರ್ ಹಾಕಿದರೂ ಈ ಅಲುಗಾಟ ಹೋಗುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಸ್ಪ್ರಿಂಗ್ ರೈಫಲನ್ನು ಪೆಲೆಟ್ ಇಲ್ಲದೆ ಹೊಡೆಯಬಾರದು. ಎದುರಿಗೆ ಗಾಳಿಯ ತಡೆ ಇರುವುದಿಲ್ಲ, ಪಿಸ್ಟನ್ ಬಂದು ಬಡಿದು ಸೀಲ್, ಸ್ಪ್ರಿಂಗ್ ಹಾಳಾಗುತ್ತವೆ. ಅಂದರೆ ಮನೆಯಲ್ಲಿ ಗೋಡೆಗೆ ಗುರಿಯಿಟ್ಟು ಬರೀ ಟ್ರಿಗರ್ ಎಳೆಯುವ ಅಭ್ಯಾಸ, ಶೂಟರ್‌ಗಳು ಡ್ರೈ ಫೈರ್ ಅನ್ನುವುದು, ಇದರಲ್ಲಿ ಆಗುವುದಿಲ್ಲ. ಬೆರಳು ಕಲಿಯುವುದೇ ಆ ಅಭ್ಯಾಸದಲ್ಲಿ. ಕಲಿಯುವ ದಾರಿಯೇ ಇಲ್ಲದ ರೈಫಲ್‌ಗೆ ದುಬಾರಿ ಟ್ರಿಗರ್ ಹಾಕಿ ಏನು ಬಂತು?

ಹಾಗಾದರೆ ನಡುವಿನ ದಾರಿ ಯಾರಿಗೆ? ಪಂದ್ಯದ ಹಂಗಿಲ್ಲದೆ ಸ್ಪ್ರಿಂಗ್ ರೈಫಲ್ ಮೇಲೆಯೇ ಪ್ರೀತಿ ಇರುವವರಿಗೆ. ನಮ್ಮ ಊರಿನ ಇಂಜಿನಿಯರ್‌ಗಳಲ್ಲಿ ಈ ಜಾತಿ ಇದೆ, ಶನಿವಾರ ಬಂದರೆ ಏನಾದರೂ ಬಿಚ್ಚದೆ ಇರಲಾರರು. ಗಾಮೊ ರೈಫಲ್‌ಗಳಿಗೆ ಬರುವ ಬದಲಿ ಟ್ರಿಗರ್ ಬ್ಲೇಡ್‌ನಂಥವು ಅವರಿಗೆ ಖುಷಿ ಕೊಡುತ್ತವೆ. ಒಂದೇ ಮಾತು: ನಿಮ್ಮ ಮಾಡೆಲ್‌ಗೆಂದೇ ಮಾಡಿದ, ಪೂರ್ತಿ ಬದಲಿ ಭಾಗ ಸಿಕ್ಕರೆ ಮಾತ್ರ ಹಾಕಿ. ಸಿಯರ್ ಅಂಚನ್ನು ಅರ ಹಾಕಿ ಉಜ್ಜುವವರ ಕೈಗೆ ರೈಫಲ್ ಕೊಡಬೇಡಿ. ಉಕ್ಕಿನ ಮೇಲ್ಪದರ ಮಾತ್ರ ಗಟ್ಟಿ ಇರುತ್ತದೆ. ಅದು ಸವೆದರೆ ಮೊದಲ ವಾರ ಬೆಣ್ಣೆಯಂತೆ ಬಿಡುವ ಟ್ರಿಗರ್ ಆಮೇಲೆ ಬೆರಳು ತಾಗದೆಯೂ ಬಿಡುತ್ತದೆ. ಕಾಕ್ ಮಾಡುವಾಗ ಬಿಟ್ಟರೆ ನಳಿಗೆ ತಿರುಗಿ ಬಡಿಯುತ್ತದೆ, ಬೆರಳು ಹೋಗುತ್ತದೆ.

ಟ್ರಿಗರ್ ಜೊತೆ ‘ಪವರ್ ಸ್ಪ್ರಿಂಗ್ ಕೂಡ ಹಾಕಿಕೊಡ್ತೀವಿ’ ಎನ್ನುವವರು ಇದ್ದಾರೆ. ಬೇಡ. 20 ಜೌಲ್ ದಾಟಿತೋ, ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡಂತೆ.

ಮ್ಯಾಚ್ ರೈಫಲ್ ಇದ್ದರೆ

ವಾಲ್ಥರ್ ಎಲ್‌ಜಿ 400, ಫೈನ್‌ವೆರ್ಕ್‌ಬಾವ್ 800, ಆನ್‌ಶುಟ್ಸ್ 9015, ಸ್ಟೈರ್, ಪಾರ್ದಿನಿ. ರೇಂಜ್‌ನಲ್ಲಿ ಸೀರಿಯಸ್ ಆಗಿ ಹೊಡೆಯುವವರ ಕೈಯಲ್ಲಿ ನೀವು ನೋಡುವುದು ಇಂಥವನ್ನು. ಸಿಲಿಂಡರ್‌ನಲ್ಲಿ ಒತ್ತಿ ತುಂಬಿದ ಗಾಳಿಯಿಂದ ಓಡುತ್ತವೆ. ಹೊಸದು ಲಕ್ಷಗಳ ಮಾತು.

ಇವುಗಳ ವಿಷಯದಲ್ಲಿ ಹೋಲಿಕೆ ಬೇಗ ಮುಗಿಯುತ್ತದೆ. ಕಂಪನಿ ಟ್ರಿಗರೇ ಇರಲಿ. ಇಲ್ಲಿ ನೀವು ದುಡ್ಡು ಕೊಡುವುದರಲ್ಲಿ ಒಂದು ಪಾಲು ಟ್ರಿಗರ್‌ಗೇ ಹೋಗುತ್ತದೆ. ಮೊದಲ ಹಂತದ ತೂಕ, ಎರಡನೇ ಹಂತದ ತೂಕ, ಗೋಡೆ ಸಿಗುವ ಜಾಗ, ಓವರ್‌ಟ್ರಾವೆಲ್, ಎಲ್ಲಕ್ಕೂ ಬೇರೆ ಬೇರೆ ಸ್ಕ್ರೂ ಇರುತ್ತವೆ. ಬ್ಲೇಡನ್ನು ಹಿಂದೆ ಮುಂದೆ ಸರಿಸಬಹುದು, ಓರೆಯೂ ಮಾಡಬಹುದು. 100 ಗ್ರಾಂ ಆಸುಪಾಸು ಇಟ್ಟುಕೊಳ್ಳುವವರೇ ಜಾಸ್ತಿ. ಡ್ರೈ ಫೈರ್‌ಗೆ ಬೇರೆ ವ್ಯವಸ್ಥೆಯೇ ಇದೆ. ಗಾಳಿ ಖರ್ಚಾಗದೆ, ಪೆಲೆಟ್ ಇಲ್ಲದೆ, ಮನೆಯ ಹಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಟ್ರಿಗರ್ ಎಳೆಯಬಹುದು.

ಎಲ್‌ಜಿ 400ರಲ್ಲಿ ಎಲೆಕ್ಟ್ರಾನಿಕ್ ಟ್ರಿಗರ್ ಇರುವ ಮಾದರಿಯೂ ಇದೆ. ಅದು ಬೇಕಾ ಎಂದು ಕೇಳುತ್ತಾರೆ. ಬಿಡುವ ಜಾಗ ಅದರಲ್ಲಿ ಬಹಳ ಖಚಿತ. ಆದರೆ ಬ್ಯಾಟರಿ ನೆನಪಿಡಬೇಕು, ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರು ಸುಲಭಕ್ಕೆ ಸಿಗುವುದಿಲ್ಲ. ಸಮುದ್ರದ ಪಕ್ಕದ ವರಳಿ ರೇಂಜ್‌ನಲ್ಲಿ, ಮುಂಬೈನ ಜುಲೈ ತಿಂಗಳ ತೇವದಲ್ಲಿ, ನಾನಾದರೆ ಮೆಕ್ಯಾನಿಕಲ್ ಟ್ರಿಗರನ್ನೇ ಆರಿಸುತ್ತೇನೆ.

ನಿಯಮದ ಕಡೆಯಿಂದ ಶೂಟರ್‌ಗಳಿಗೆ ಇಲ್ಲಿ ಸ್ವಾತಂತ್ರ್ಯ ಇದೆ. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಮತ್ತು 50 ಮೀಟರ್ ರೈಫಲ್‌ಗೆ ಟ್ರಿಗರ್ ಇಷ್ಟಾದರೂ ಭಾರ ಇರಬೇಕು ಎಂಬ ಮಿತಿ ಇಲ್ಲ. ಪಿಸ್ತೂಲಿನವರಿಗೆ ಇದೆ: 10 ಮೀಟರ್ ಏರ್ ಪಿಸ್ತೂಲ್‌ಗೆ 500 ಗ್ರಾಂ, 25 ಮೀಟರ್ ಸ್ಪೋರ್ಟ್ ಪಿಸ್ತೂಲ್‌ಗೆ 1000 ಗ್ರಾಂ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್‌ಗೆ 1500 ಗ್ರಾಂ. ಅಕ್ಕ ರೈಫಲ್, ತಮ್ಮ ಪಿಸ್ತೂಲ್ ಹೊಡೆಯುವ ಮನೆಗಳಲ್ಲಿ ಇದು ಗೊಂದಲ ಮಾಡುತ್ತದೆ, ಅದಕ್ಕೇ ಹೇಳಿದೆ.

ಮಿತಿ ಇಲ್ಲ ಎಂದು ಹೊಸಬರಿಗೆ 50 ಗ್ರಾಂ ಸೆಟ್ ಮಾಡಿಕೊಡಬೇಡಿ. ಬೆರಳು ಇಡುವ ಮೊದಲೇ ಗುಂಡು ಹೋಗುತ್ತದೆ. ಮಗು ಹೆದರಿ ಟ್ರಿಗರ್ ಮುಟ್ಟುವುದನ್ನೇ ತಡ ಮಾಡುತ್ತದೆ, ಆಮೇಲೆ ಥಟ್ಟನೆ ಹೊಡೆಯುತ್ತದೆ. ಆ ಚಾಳಿ ಬಿಡಿಸುವುದು ಕಷ್ಟ. 150–200 ಗ್ರಾಂನಿಂದ ಶುರು ಮಾಡಿ. ಅದರಲ್ಲಿ ಮೊದಲ ಹಂತಕ್ಕೇ ದೊಡ್ಡ ಪಾಲು ಇರಲಿ, ಎರಡನೆಯದಕ್ಕೆ ಸ್ವಲ್ಪ ಉಳಿಯಲಿ. ಕೋಚ್ ಹೇಳಿದಾಗ ಇಳಿಸಿ.

.22 ಮತ್ತು .315: ಇಲ್ಲಿ ಕಾನೂನು ಮೊದಲು

.22, .315 ಕ್ಯಾಲಿಬರ್‌ನಂಥ, ಲೈಸೆನ್ಸ್ ಬೇಕಾದ ಬಂದೂಕಿನ ಮಾತು ಬೇರೆ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ‘ಆರ್ಮ್ಸ್’ ಎಂದರೆ ಬಂದೂಕು ಮಾತ್ರ ಅಲ್ಲ, ಅದರ ಬಿಡಿಭಾಗವೂ ಸೇರುತ್ತದೆ. ರಿಪೇರಿ ಮಾಡುವವರಿಗೂ, ಬದಲಾಯಿಸುವವರಿಗೂ ಲೈಸೆನ್ಸ್ ಬೇಕು. ಟಿಮ್ನಿ, ಟ್ರಿಗರ್‌ಟೆಕ್‌ನಂಥ ಟ್ರಿಗರ್ ಕಂಪನಿಗಳ ಹೆಸರುಗಳನ್ನು ಯೂಟ್ಯೂಬ್‌ನಲ್ಲಿ ನೋಡಿ ಹೊರದೇಶದಿಂದ ಪಾರ್ಸೆಲ್ ತರಿಸಲು ಹೋಗಬೇಡಿ. ಕಸ್ಟಮ್ಸ್‌ನಲ್ಲಿ ನಿಲ್ಲುತ್ತದೆ. ನಿಂತರೆ ಬರೀ ದುಡ್ಡು ಹೋದರೆ ಪುಣ್ಯ.

ಇನ್ನೊಂದು ವಿಷಯ. ಅಮೆರಿಕದವರ ಸಲಹೆ ಅವರ ಬಂದೂಕುಗಳಿಗೆ ಸರಿ. ರೂಗರ್ 10/22ನಂಥ ರೈಫಲ್ ಅಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ಅದರ ಮಾಮೂಲಿ ಟ್ರಿಗರ್ ಭಾರ. ಹಾಗಾಗಿ ಕಂಪನಿಯೇ ಸುಮಾರು ಒಂದೂಕಾಲು ಕಿಲೋದ ಬಿಎಕ್ಸ್ ಟ್ರಿಗರ್ ಮಾರುತ್ತದೆ, ಜನ ಕೊಂಡು ಹಾಕಿಕೊಳ್ಳುತ್ತಾರೆ. ವರಳಿಯಲ್ಲೋ ಬಾಲೇವಾಡಿಯಲ್ಲೋ ನೀವು ಹೊಡೆಯುವ .22 ಬಹುಶಃ ಆನ್‌ಶುಟ್ಸ್ 1900ರ ಸಾಲಿನದ್ದು. ಅದರ ಮ್ಯಾಚ್ ಟ್ರಿಗರ್ 100 ಗ್ರಾಂ ಸುತ್ತಮುತ್ತ ಸೆಟ್ ಆಗುತ್ತದೆ. ಅದಕ್ಕಿಂತ ಮೇಲಕ್ಕೆ ಹೋಗಲು ಏನೂ ಇಲ್ಲ.

ಕ್ಲಬ್‌ನ ಹಳೆಯ .22 ಟ್ರಿಗರ್ ಜಡವಾಗಿದೆ ಅನ್ನಿಸಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಣಗಿದ ಎಣ್ಣೆ. ಮಳೆಗಾಲದಲ್ಲಿ ತುಕ್ಕಿಗೆ ಹೆದರಿ ಯಾರೋ ಟ್ರಿಗರ್ ಒಳಗೆ ಸ್ಪ್ರೇ ಹೊಡೆದಿರುತ್ತಾರೆ. ಅದು ಧೂಳು ಹಿಡಿದು ಅಂಟಾಗುತ್ತದೆ. ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಬಿಚ್ಚಿ ತೊಳೆದು, ಒಂದು ತೊಟ್ಟು ತೆಳು ಎಣ್ಣೆ ಹಾಕಿದರೆ ಹೊಸ ಟ್ರಿಗರ್ ಬಂದಂತೆ ಆಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಣ್ಣೆಗಿಂತ ಅದು ಮೇಲು.

ಇನ್ನು ಆರ್ಡನೆನ್ಸ್ ಫ್ಯಾಕ್ಟರಿಯ .315 ಸ್ಪೋರ್ಟಿಂಗ್ ರೈಫಲ್. ಕೊಡಗಿನ ಕಡೆ ತೋಟ ಇರುವ, ಇಲ್ಲಿ ಕೆಲಸದಲ್ಲಿರುವ ಕೆಲವರ ಮನೆಯಲ್ಲಿ ತಾತನ ಕಾಲದ್ದು ಇರುತ್ತದೆ. ಅದರ ಟ್ರಿಗರ್ ಮಿಲಿಟರಿ ರೈಫಲ್ ವಂಶದ್ದು. ಉದ್ದ, ಭಾರ. ಹಾಗೇ ಬಿಡಿ. ಹಗುರ ಮಾಡಿಸಿದರೆ ಗುರಿ ಸುಧಾರಿಸುವುದಕ್ಕಿಂತ ಅಪಾಯವೇ ಜಾಸ್ತಿ.

ಅಪಾಯ ಎಂದಾಗ ಒಂದು ಘಟನೆ ಹೇಳಬೇಕು. ರೆಮಿಂಗ್ಟನ್ ಕಂಪನಿ 2014ರಲ್ಲಿ ಮಾಡೆಲ್ 700ರ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ವಾಪಸ್ ಕರೆಸಿತು. ಜೋಡಿಸುವಾಗ ಅಂಟು ಜಾಸ್ತಿ ಬಿದ್ದಿದ್ದರಿಂದ ತಾನಾಗೇ ಗುಂಡು ಹಾರುವ ಸಾಧ್ಯತೆ ಇತ್ತು. ಸ್ವಲ್ಪ ಅಂಟು, ಅಷ್ಟೇ. ಕಾರ್ಖಾನೆಯಲ್ಲೇ ಹೀಗಾದರೆ ಗಲ್ಲಿಯ ಗ್ಯಾರೇಜ್‌ನಲ್ಲಿ ಏನೇನು ಆಗಬಹುದು, ನೀವೇ ಯೋಚಿಸಿ.

ದುಡ್ಡು ಬಿಚ್ಚುವ ಮುಂಚೆ

ಟ್ರಿಗರ್‌ದೇ ತಪ್ಪಾ ಎಂದು ತಿಳಿಯಲು ಖರ್ಚಿಲ್ಲದ ದಾರಿ ಇದೆ. ಒಳ್ಳೆಯ ಟ್ರಿಗರ್ ಇರುವ ಕ್ಲಬ್ ರೈಫಲ್‌ನಲ್ಲಿ ಒಂದು ಪೂರ್ತಿ ಸೀರೀಸ್, ಅಂದರೆ ಹತ್ತು ಹೊಡೆತ, ಹೊಡೆದು ನೋಡಿ. ಒಂದೇ ದಿನ ಸಾಲದು, ಎರಡು ಮೂರು ಸಲ ನೋಡಿ. ಸ್ಕೋರು ಅಷ್ಟೇ ಬಂದರೆ ನಿಮ್ಮ ರೈಫಲ್‌ನ ಟ್ರಿಗರ್ ನಿರಪರಾಧಿ.

ಕೋಚ್ ಹತ್ತಿರ ಇನ್ನೊಂದು ಪರೀಕ್ಷೆ ಮಾಡಿಸಿ. ಮ್ಯಾಚ್ ರೈಫಲ್‌ನಲ್ಲಿ ಅವರೇ ಲೋಡ್ ಮಾಡಿ ಕೊಡುತ್ತಾರೆ. ಕೆಲವು ಸಲ ಪೆಲೆಟ್ ಹಾಕಿ, ಕೆಲವು ಸಲ ಡ್ರೈ ಫೈರ್‌ಗೆ ಇಟ್ಟು. ಯಾವುದು ಎಂದು ಹೊಡೆಯುವವರಿಗೆ ಗೊತ್ತಿರುವುದಿಲ್ಲ. ಖಾಲಿ ಹೊಡೆತದಲ್ಲೂ ಮೂತಿ ಕುಣಿದರೆ ಕುಣಿಸುತ್ತಿರುವುದು ಕೈ. ನೋಡುತ್ತಾ ನಿಂತ ಅಪ್ಪ ಅಮ್ಮಂದಿರಿಗೂ ಅದು ಕಾಣುತ್ತದೆ.

ಬೆರಳು ಇಡುವ ಜಾಗವನ್ನೂ ನೋಡಿ. ತುದಿ ಬೆರಳಿನ ಮೆತ್ತನೆ ಭಾಗ ಬ್ಲೇಡ್ ಮೇಲೆ ಇರಬೇಕು, ಬೆರಳಿನ ಉಳಿದ ಭಾಗ ಮರಕ್ಕೆ ತಾಗಬಾರದು. ತಾಗಿದರೆ ಎಳೆದಾಗ ರೈಫಲ್ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಹೊಡೆತಗಳು ಒಂದೇ ಬದಿಗೆ ಹೋಗುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಸಣ್ಣ ಕೈಯ ಮಕ್ಕಳಿಗೆ ಬ್ಲೇಡ್ ಹಿಂದಕ್ಕೆ ಸರಿಸಿದರೆ, ಇಲ್ಲವೇ ಹಿಂಭಾಗದ ಬಟ್ ಗಿಡ್ಡ ಮಾಡಿದರೆ ಸರಿಹೋಗುತ್ತದೆ. ಅಲೆನ್ ಕೀ ಒಂದಿದ್ದರೆ ಸಾಕು.

ಇಷ್ಟೆಲ್ಲ ನೋಡಿದ ಮೇಲೂ ಖರ್ಚು ಮಾಡಬೇಕು ಅನ್ನಿಸಿದರೆ, ಮೊದಲು ಜಾಕೆಟ್, ಶೂ, ಒಳ್ಳೆಯ ಪೆಲೆಟ್. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಈಗ ನವಿ ಮುಂಬೈ ಕಡೆ ಮಕ್ಕಳಿಗೆ ಶೂಟಿಂಗ್ ಕಲಿಸುವ ಸುಮಾ ಶಿರೂರ್ 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದರು. ಆಗಿನ ರೈಫಲ್‌ಗಳ ಟ್ರಿಗರ್‌ಗೂ ಈಗಿನದ್ದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಏನೂ ಇಲ್ಲ.

ಹಳೆಯ ಮ್ಯಾಚ್ ರೈಫಲ್ ಕೊಳ್ಳುವುದಾದರೆ

ಬಜೆಟ್ ಕಡಿಮೆ ಇರುವವರಿಗೆ ನಾನು ಹೇಳುವುದು ಇದನ್ನೇ. ಸ್ಪ್ರಿಂಗ್ ರೈಫಲ್‌ಗೆ ಟ್ರಿಗರ್ ಹಾಕಿಸುವ ಬದಲು, ಕಾಲೇಜಿಗೆ ಹೋಗಿ ಆಟ ಬಿಟ್ಟ ಯಾರದ್ದಾದರೂ ಮ್ಯಾಚ್ ರೈಫಲ್ ಹುಡುಕಿ. ಕೋಚ್‌ಗಳಿಗೆ ಗೊತ್ತಿರುತ್ತದೆ.

ಟ್ರಿಗರ್ ಸ್ಕ್ರೂಗಳ ತಲೆ ನೋಡಿ. ಕಿತ್ತು ಹೋಗಿದ್ದರೆ ಗೊತ್ತಿಲ್ಲದವರ ಕೈ ಆಡಿದೆ ಎಂದರ್ಥ. ಡ್ರೈ ಫೈರ್‌ನಲ್ಲಿ ಹತ್ತಾರು ಸಲ ಎಳೆಯಿರಿ, ಪ್ರತಿ ಸಲ ಒಂದೇ ಜಾಗದಲ್ಲಿ ಬಿಡಬೇಕು. ಪೆಲೆಟ್ ಇಲ್ಲದೆ ಕಾಕ್ ಮಾಡಿಟ್ಟು, ಮೂತಿ ಸುರಕ್ಷಿತ ದಿಕ್ಕಿಗಿಟ್ಟು, ಬಟ್ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ. ತಾನಾಗೇ ಬಿಟ್ಟರೆ ಅಲ್ಲೇ ಬಿಟ್ಟು ಬನ್ನಿ.

ಟ್ರಿಗರ್ ನೋಡುವ ಗಲಾಟೆಯಲ್ಲಿ ಸಿಲಿಂಡರ್ ಮರೆಯುವವರು ಬಹಳ. ಮ್ಯಾಚ್ ರೈಫಲ್‌ನ ಗಾಳಿ ಸಿಲಿಂಡರ್‌ಗೆ ಕಂಪನಿಗಳು ಸಾಮಾನ್ಯವಾಗಿ 10 ವರ್ಷದ ಆಯುಷ್ಯ ಕೊಟ್ಟಿರುತ್ತವೆ. ತಾರೀಖು ಅದರ ಮೇಲೇ ಕೆತ್ತಿರುತ್ತದೆ. ಅವಧಿಯೊಳಗಿನ ಸಿಲಿಂಡರ್ ತರುವುದು ಪಂದ್ಯದಲ್ಲಿ ಶೂಟರ್‌ನದೇ ಜವಾಬ್ದಾರಿ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನು ಮಾತುಕತೆಯಲ್ಲೇ ಕಳೆಯಿರಿ. ಮಾರುವವರು ಅದನ್ನು ತಾವಾಗಿ ಹೇಳುವುದಿಲ್ಲ.